ಮಂಗಳೂರಿಗೆ ಬಂದಿಳಿದ 99 ಮಂದಿ

1798ರ ಏಪ್ರಿಲ್ 26ರಂದು ದಕ್ಷಿಣ ಭಾರತದ ಎರಡು ಕರಾವಳಿಗಳಲ್ಲಿ ಎರಡು ಹಡಗುಗಳು ಲಂಗರು ಹಾಕಿದವು. ಮೂಡಣದ ಮದರಾಸಿನಲ್ಲಿ ಇಳಿದವನು ಈಸ್ಟ್ ಇಂಡಿಯಾ ಕಂಪನಿಯ ಹೊಸ ಗವರ್ನರ್ ಜನರಲ್, 37 ವರ್ಷದ ಲಾರ್ಡ್ ಮಾರ್ನಿಂಗ್ಟನ್. ಮುಂದೆ ಲಾರ್ಡ್ ವೆಲ್ಲೆಸ್ಲಿ ಎಂದು ಹೆಸರಾದವನು ಇವನೇ. ಪಡುವಣದ ಮಂಗಳೂರಿಗೆ ಬಂದದ್ದು ‘ಪ್ರೆನ್ಯೂಸ್’ ಎಂಬ ಫ್ರೆಂಚ್ ಯುದ್ಧನೌಕೆ. ಟಿಪ್ಪು ಸುಲ್ತಾನನ ಬಾವುಟದಡಿ ಇಂಗ್ಲಿಷರ ವಿರುದ್ಧ ಹೋರಾಡುತ್ತೇವೆಂದು ಮಾರಿಷಸ್ ದ್ವೀಪದಲ್ಲಿ ಹೆಸರು ಬರೆಸಿದ್ದ ಸ್ವಯಂಸೇವಕರು ಅದರಲ್ಲಿದ್ದರು.

ಎಷ್ಟು ಮಂದಿ? ಟಿಪ್ಪುವಿನ ರಾಯಭಾರಿಗಳು ಮಾಡಿಕೊಂಡಿದ್ದ ಪಟ್ಟಿಯಲ್ಲಿ ಲೆಕ್ಕ ಸ್ಪಷ್ಟವಾಗಿದೆ. ಭೂಸೇನೆಯ ಮುಖ್ಯಸ್ಥನಾಗಿ ಶಾಪ್ವಿ, ನೌಕಾಬಲದ ಮುಖ್ಯಸ್ಥನಾಗಿ ದ್ಯುಬುಕ್, ಯುರೋಪಿಯನ್ ದಳಕ್ಕೊಬ್ಬ ನಾಯಕ. ಫಿರಂಗಿ ವಿದ್ಯೆ ಬಲ್ಲ ಇಬ್ಬರು, ನೌಕಾಧಿಕಾರಿಗಳು ಆರು, ಹಡಗು ಕಟ್ಟುವವರು ಮುಂತಾದವರು ನಾಲ್ವರು. ಕಿರಿಯ ಅಧಿಕಾರಿಗಳು, ಸಾರ್ಜೆಂಟರು, ದುಭಾಷಿ ಸೇರಿ 26. ಯುರೋಪಿಯನ್ ಸಿಪಾಯಿಗಳು 36, ಮಿಶ್ರ ಸಂತತಿಯ ಸಿಪಾಯಿಗಳು 22. ಒಟ್ಟು 99. ಅಂದರೆ ಬಂದೂಕು ಹಿಡಿದು ಸಾಲಿನಲ್ಲಿ ನಿಲ್ಲುವವರು ಬರೀ 58. ಅವರಿಗೆ ಅಪ್ಪಣೆ ಕೊಡಲು ಬಂದವರ ಸಂಖ್ಯೆ ಅದಕ್ಕಿಂತ ತೀರಾ ಕಡಿಮೆಯೇನಲ್ಲ.

ಟಿಪ್ಪು ಕೇಳಿದ್ದು ಸಾವಿರಗಟ್ಟಲೆ ಸೈನಿಕರನ್ನು. ಬಂದದ್ದು ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಆದರೂ ಒಂದು ವರ್ಷ ಎಂಟು ದಿನಗಳಲ್ಲಿ ಶ್ರೀರಂಗಪಟ್ಟಣ ಬಿದ್ದಾಗ, ಆ ಯುದ್ಧಕ್ಕೆ ಕಂಪನಿ ಸರಕಾರ ಲೋಕದ ಮುಂದೆ ಇಟ್ಟ ಮೊದಲ ಕಾರಣ ಇದೇ 99 ಮಂದಿ.

ಮೈಸೂರಿನ ದಂಡಿನಲ್ಲಿ ಪರಂಗಿಯವರು ಇದ್ದದ್ದು ಹೊಸ ಸಂಗತಿಯಲ್ಲ. ಹೈದರಾಲಿಯ ಕಾಲದಿಂದಲೂ ಫ್ರೆಂಚರು, ಪೋರ್ಚುಗೀಸರು, ಇತರ ಯುರೋಪಿಯನ್ನರು ಸಂಬಳಕ್ಕಾಗಿ ಇಲ್ಲಿ ಕೆಲಸ ಮಾಡಿದ್ದರು. ಫಿರಂಗಿ ಎರಕ, ಕವಾಯತು, ಕೋಟೆಯ ದುರಸ್ತಿ ಅವರ ಕಸುಬು. ಅವರಲ್ಲಿ ಹೆಸರಾದವನು ಲಾಲಿ. ಆದವಾನಿಯ ಬಸಾಲತ್ ಜಂಗನ ಸೇವೆಯಲ್ಲಿದ್ದು, ಆಮೇಲೆ ಹೈದರನ ಕಡೆಗೆ ಬಂದವನು. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಲ್ಲಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆ ನುಚ್ಚುನೂರಾದಾಗ ಲಾಲಿಯ ಜನ ಮೈಸೂರಿನ ಸಾಲಿನಲ್ಲಿದ್ದರು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಆ ಯುದ್ಧದ ಚಿತ್ರ ಇಂದಿಗೂ ಇದೆ. ನಡುವೆ ಚೌಕಟ್ಟಾಗಿ ನಿಂತ ಇಂಗ್ಲಿಷ್ ಪಡೆ, ಅದರೊಳಗೆ ಸಿಡಿಯುತ್ತಿರುವ ಮದ್ದಿನ ಬಂಡಿ, ಪಲ್ಲಕ್ಕಿಯಲ್ಲಿ ಕುಳಿತ ಬೇಲಿ. ಇನ್ನೊಂದು ಕಡೆ ಕುದುರೆಯ ಮೇಲೆ ದುರ್ಬೀನು ಹಿಡಿದು ನೋಡುತ್ತಿರುವ ಟೊಪ್ಪಿಯ ಫ್ರೆಂಚ್ ಸರದಾರ.

ಈ ಸಂಬಂಧದಲ್ಲಿ ನಂಬಿಕೆಯಷ್ಟೇ ಕಹಿಯೂ ಇತ್ತು. 1783ರಲ್ಲಿ ಟಿಪ್ಪು ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದ್ದಾಗ ಅವನ ಜೊತೆ ಕೊಸಿನ್ಯಿಯ ಫ್ರೆಂಚ್ ದಳವೂ ಇತ್ತು. ಕೋಟೆ ಇನ್ನೇನು ಕೈಗೆ ಬರುತ್ತದೆ ಅನ್ನುವಾಗ ಯುರೋಪಿನಲ್ಲಿ ಇಂಗ್ಲೆಂಡ್–ಫ್ರಾನ್ಸ್ ಶಾಂತಿ ಮಾಡಿಕೊಂಡ ಸುದ್ದಿ ಬಂತು. ಫ್ರೆಂಚರು ಬಂದೂಕು ಕೆಳಗಿಟ್ಟು ಪಕ್ಕಕ್ಕೆ ಸರಿದರು. ಟಿಪ್ಪು ಕೆಂಡಾಮಂಡಲವಾದ. ಆದರೂ 1788ರಲ್ಲಿ ಅವನ ಮೂವರು ರಾಯಭಾರಿಗಳು ತೂಲೋನಿನಲ್ಲಿ ಹಡಗಿಳಿದು, ಆಗಸ್ಟ್ 10ರಂದು 16ನೇ ಲೂಯಿಯ ದರ್ಬಾರಿನಲ್ಲಿ ನಿಂತರು. ಖಜಾನೆ ಬರಿದಾಗಿದ್ದ ಆ ದೊರೆಯಿಂದ ಸಿಕ್ಕಿದ್ದು ಆದರೋಪಚಾರ ಮತ್ತು ಕೆಲವು ಕುಶಲಕರ್ಮಿಗಳು. ಸೈನ್ಯ ಸಿಗಲಿಲ್ಲ. ಮುಂದಿನ ವರ್ಷ ಫ್ರಾನ್ಸಿನಲ್ಲಿ ಕ್ರಾಂತಿಯೇ ಆಯಿತು.

ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷರು, ಮರಾಠರು, ನಿಜಾಮ ಮೂವರೂ ಒಂದಾಗಿ ಬಂದರು. 1792ರ ಫೆಬ್ರುವರಿ 6ರ ರಾತ್ರಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹೊರಪಾಳೆಯದ ಮೇಲೆ ಬಿದ್ದ ಗದ್ದಲದಲ್ಲಿ ಟಿಪ್ಪುವಿನ ಯುರೋಪಿಯನ್ನರಲ್ಲಿ ಹಲವರು ಸದ್ದಿಲ್ಲದೆ ಶತ್ರುವಿನ ಕಡೆಗೆ ದಾಟಿಕೊಂಡರು. ಆಯಕಟ್ಟಿನ ಬತೇರಿಗಳನ್ನು ಕಟ್ಟಿಸಿದ್ದ ವಯಸ್ಸಾದ ಎಂಜಿನಿಯರನೂ ಅವರಲ್ಲೊಬ್ಬ. ಸಂಬಳಕ್ಕೆ ಬಂದವರು ಸಂಬಳ ಇರುವಷ್ಟು ದಿನ. ಮಾರ್ಚಿನ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ಕಳೆದುಕೊಂಡ. ಇಬ್ಬರು ಗಂಡುಮಕ್ಕಳನ್ನು ಒತ್ತೆಯಿಟ್ಟ. ಅಲ್ಲಿಂದ ಮುಂದೆ ಹೊರಗಿನ ನೆರವಿಗಾಗಿ ಅವನ ಹುಡುಕಾಟ ಇನ್ನಷ್ಟು ಬಿರುಸಾಯಿತು.

ಹೀಗಿರುವಾಗ 1797ರಲ್ಲಿ ಮುರುಕಲು ಹಡಗೊಂದು ಮಂಗಳೂರಿಗೆ ಬಂದು ಸೇರಿತು. ಅದರ ಕಪ್ತಾನ ಫ್ರಾನ್ಸ್ವಾ ರಿಪೋ, ಶತ್ರುಗಳ ವ್ಯಾಪಾರಿ ಹಡಗುಗಳನ್ನು ದೋಚಲು ಪರವಾನಗಿ ಪಡೆದಿದ್ದ ಕಡಲುಗಳ್ಳ. ಶ್ರೀರಂಗಪಟ್ಟಣಕ್ಕೆ ಕರೆಸಿಕೊಂಡಾಗ ತಾನು ಮಾರಿಷಸ್ಸಿನಲ್ಲಿ ದೊಡ್ಡ ಪದವಿಯಲ್ಲಿದ್ದವನೆಂದೂ, ಅಲ್ಲಿ ಫ್ರೆಂಚ್ ಸೈನ್ಯ ಸಿದ್ಧವಾಗಿ ಕಾದು ನಿಂತಿದೆಯೆಂದೂ ಹೇಳಿದ. ಟಿಪ್ಪು ತನ್ನ ಅಧಿಕಾರಿಗಳ ಅಭಿಪ್ರಾಯವನ್ನು ಬರಹದಲ್ಲಿ ಕೇಳಿದ. ಈತನ ಮಾತೆಲ್ಲ ಸ್ವಾರ್ಥದ್ದು, ನಂಬಬಾರದು ಎಂದು ಅವರು ಬರೆದುಕೊಟ್ಟರು. ಟಿಪ್ಪು ನಂಬಿದನೋ, ನಂಬಲು ಬಯಸಿದನೋ, ರಿಪೋನನ್ನು ಇರಿಸಿಕೊಂಡ.

ಆ ವರ್ಷದ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಫ್ರೆಂಚ್ ಸೈನಿಕರು ‘ಜಾಕೊಬಿನ್ ಕ್ಲಬ್’ ಕಟ್ಟಿದರು ಎಂಬ ಪ್ರಸಿದ್ಧ ಕಥೆ ಬರುವುದು ಇಲ್ಲೇ. ಮೂರು ಬಣ್ಣದ ಬಾವುಟ ಹಾರಿಸಿ, ಸ್ವಾತಂತ್ರ್ಯದ ಮರ ನೆಟ್ಟು, ರಾಜರನ್ನೆಲ್ಲ ದ್ವೇಷಿಸುವ ಪ್ರಮಾಣ ಮಾಡಿ, ಅದರಿಂದ ಟಿಪ್ಪುವೊಬ್ಬನಿಗೆ ಮಾತ್ರ ವಿನಾಯಿತಿ ಕೊಟ್ಟರಂತೆ. ಇದಕ್ಕೆ ಇರುವ ಆಧಾರ, ಕೋಟೆ ಬಿದ್ದ ಮೇಲೆ ಅರಮನೆಯಲ್ಲಿ ಸಿಕ್ಕಿದವೆಂದು ಇಂಗ್ಲಿಷರು ಅಚ್ಚು ಹಾಕಿಸಿದ ಕಾಗದಗಳು. ಫ್ರೆಂಚ್ ಇತಿಹಾಸಕಾರ ಜ್ಯಾಂ ಬೂತಿಯೆ ಅವುಗಳ ಅಸಲಿತನವನ್ನೇ ಪ್ರಶ್ನಿಸಿದ್ದಾನೆ. ದೊರೆಯೊಬ್ಬನ ಅಂಗಳದಲ್ಲಿ ನಿಂತು, ಅವನ ಅನ್ನ ಉಂಡು, ದೊರೆಗಳಿಗೆ ಧಿಕ್ಕಾರ ಕೂಗುವ ಈ ದೃಶ್ಯ ಲಂಡನ್ನಿನ ಓದುಗರಿಗಂತೂ ಬೇಕಾದಷ್ಟು ಭಯ, ಬೇಕಾದಷ್ಟು ಮೋಜು ಎರಡನ್ನೂ ಒದಗಿಸಿತು.

ರಿಪೋನ ಜೊತೆ ಟಿಪ್ಪು ಇಬ್ಬರನ್ನು ಮಾರಿಷಸ್ಸಿಗೆ ಅಟ್ಟಿದ: ಹುಸೇನ್ ಅಲಿ ಖಾನ್ ಮತ್ತು ಶೇಖ್ ಇಬ್ರಾಹಿಂ. ಕೆಲಸ ಗುಟ್ಟಾಗಿ ಆಗಬೇಕೆಂಬುದು ಕಟ್ಟಪ್ಪಣೆ. 1798ರ ಜನವರಿಯಲ್ಲಿ ಅವರು ಪೋರ್ಟ್ ಲೂಯಿ ಮುಟ್ಟಿದರು. ರಿಪೋ ಹೇಳಿದ್ದ ಸೈನ್ಯ ಅಲ್ಲಿರಲಿಲ್ಲ.

ದ್ವೀಪದ ಪರಿಸ್ಥಿತಿಯೇ ವಿಚಿತ್ರವಾಗಿತ್ತು. ಎರಡು ವರ್ಷದ ಹಿಂದೆ, 1796ರಲ್ಲಿ, ಗುಲಾಮಗಿರಿಯನ್ನು ರದ್ದು ಮಾಡುವ ಆದೇಶ ಹಿಡಿದು ಪ್ಯಾರಿಸ್ಸಿನಿಂದ ಇಬ್ಬರು ಸರಕಾರಿ ಪ್ರತಿನಿಧಿಗಳು ಬಂದಿದ್ದರು. ಗುಲಾಮರ ದುಡಿಮೆಯ ಮೇಲೆ ನಿಂತಿದ್ದ ತೋಟದ ಒಡೆಯರು ದಂಗೆಯೆದ್ದು ಅವರನ್ನು ಹಡಗು ಹತ್ತಿಸಿ ಕಳಿಸಿಬಿಟ್ಟರು. ಆಮೇಲೆ ದ್ವೀಪ ಹೆಸರಿಗಷ್ಟೇ ಫ್ರಾನ್ಸಿನದು. ಗವರ್ನರ್ ಮಲಾರ್ತಿಕ್ ಹಳೇ ಕಾಲದ ಕುಲೀನ ಸೇನಾಧಿಕಾರಿ; ಎರಡು ದೋಣಿಯ ಮೇಲೆ ಕಾಲಿಟ್ಟು ಸಂಭಾಳಿಸುತ್ತಿದ್ದವನು. ಇದ್ದ ಸೈನ್ಯದಲ್ಲಿ ದೊಡ್ಡ ಪಾಲನ್ನು ಡಚ್ಚರ ನೆರವಿಗೆಂದು ಬಟಾವಿಯಾಕ್ಕೆ ಕಳಿಸಿ ಕೈ ಖಾಲಿ ಮಾಡಿಕೊಂಡಿದ್ದ. ಸುಲ್ತಾನನ ರಾಯಭಾರಿಗಳಿಗೆ ಇಲ್ಲ ಅನ್ನಲಾರ, ಕೊಡಲು ಏನೂ ಇಲ್ಲ. ಅವನು ಕಂಡುಕೊಂಡ ದಾರಿ, ಬಹಿರಂಗ ಘೋಷಣೆ.

ಜನವರಿ 30ರಂದು ಅದು ಅಚ್ಚಾಗಿ ಊರಿನಲ್ಲಿ ಹಂಚಿಕೆಯಾಯಿತು. ಟಿಪ್ಪು ಸುಲ್ತಾನ ಫ್ರೆಂಚ್ ಗಣರಾಜ್ಯದೊಡನೆ ಮೈತ್ರಿ ಬಯಸಿದ್ದಾನೆ. ಬಂದ ಸೈನಿಕರನ್ನು ತನ್ನ ಖರ್ಚಿನಲ್ಲೇ ಸಾಕುತ್ತಾನೆ. ಇಂಗ್ಲಿಷರ ಮೇಲೆ ಯುದ್ಧ ಸಾರಲು ಫ್ರೆಂಚರ ದಾರಿ ಕಾಯುತ್ತಿದ್ದಾನೆ. ಆದ್ದರಿಂದ ಇಷ್ಟವುಳ್ಳ ನಾಗರಿಕರು ತಮ್ಮ ತಮ್ಮ ಊರಿನ ಕಚೇರಿಯಲ್ಲಿ ಹೆಸರು ಬರೆಸಬಹುದು. ಇದು ಅದರ ಸಾರಾಂಶ. ಕರಿಯ ಹಾಗೂ ಮಿಶ್ರ ಸಂತತಿಯ ಸ್ವತಂತ್ರ ನಾಗರಿಕರಿಗೂ ಕರೆ ಇತ್ತು. ಪಿಸುಮಾತಿನಲ್ಲಿ ಆಗಬೇಕಿದ್ದ ಕೆಲಸಕ್ಕೆ ಡಂಗುರ ಹೊಡೆಸಿದಂತಾಯಿತು. ತೋಟದ ಒಡೆಯರು ದ್ವೀಪ ಬಿಟ್ಟು ಕದಲುವವರಲ್ಲ. ಕದಲಿದವರು ಈ 99 ಮಂದಿ.

ಮಾರ್ಚ್ 7ರಂದು ‘ಪ್ರೆನ್ಯೂಸ್’ ಹಾಯಿ ಬಿಚ್ಚಿತು. ಅದರ ಕಪ್ತಾನ ಲೆರ್ಮಿತ್‌ಗೆ ಪ್ರಯಾಣಿಕರನ್ನು ಸದ್ದಿಲ್ಲದೆ ದಡ ಸೇರಿಸುವ ವ್ಯವಧಾನವಿರಲಿಲ್ಲ. ಮಂಗಳೂರಿಗೆ ಕೆಲವೇ ದಿನದ ಹಾದಿ ಇರುವಾಗ, ತಲಚೇರಿಯ ಮುಂದೆ ಲಂಗರು ಹಾಕಿದ್ದ ಕಂಪನಿಯ ಎರಡು ದೊಡ್ಡ ವ್ಯಾಪಾರಿ ಹಡಗುಗಳನ್ನು ಹಿಡಿದ. ಮಲಬಾರಿನ ಇಂಗ್ಲಿಷರಿಗೆ ಫ್ರೆಂಚ್ ಯುದ್ಧನೌಕೆ ಬಂದಿರುವುದು ಇದಕ್ಕಿಂತ ಚೆನ್ನಾಗಿ ತಿಳಿಯುವ ಬಗೆ ಇನ್ನೊಂದಿರಲಿಲ್ಲ.

ಜೂನ್ 8ರಂದು ಮಲಾರ್ತಿಕ್‌ನ ಘೋಷಣೆ ಕಲ್ಕತ್ತೆಯ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅದನ್ನು ಓದಿದ ಮಾರ್ನಿಂಗ್ಟನ್‌ಗೆ ಮೊದಲು ನಂಬಿಕೆಯೇ ಬರಲಿಲ್ಲ. ತನ್ನ ಮಿತ್ರನ ಗುಟ್ಟನ್ನು ಯಾವ ಗವರ್ನರ್ ತಾನೇ ಹೀಗೆ ಬೀದಿಗೆಳೆಯುತ್ತಾನೆ, ಇದು ಖೋಟಾ ಇರಬಹುದು ಎಂದುಕೊಂಡ. ಹತ್ತು ದಿನದ ಮೇಲೆ ಗುಡ್ ಹೋಪ್ ಭೂಶಿರದ ಗವರ್ನರನಿಂದ ಅದೇ ಘೋಷಣೆಯ ಪ್ರತಿ ಬಂತು. ಜೂನ್ 20ಕ್ಕೆ ಮದರಾಸಿನ ಜನರಲ್ ಹ್ಯಾರಿಸನಿಗೆ ಸೈನ್ಯ ಕೂಡಿಸಲು ಆಜ್ಞೆ ಹೋಯಿತು.

ಮದರಾಸಿನ ಅಧಿಕಾರಿಗಳು ಗಾಬರಿಯಾದರು. ಖಜಾನೆಯಲ್ಲಿ ಹಣವಿಲ್ಲ, ದಂಡಿಗೆ ಎತ್ತುಗಳಿಲ್ಲ, ಟಿಪ್ಪು ಈಗಲೇ ಮೇಲೆ ಬಿದ್ದರೆ ಗತಿಯೇನು ಎಂದು ಸರಕಾರದ ಕಾರ್ಯದರ್ಶಿ ಜೊಸಯಾ ವೆಬ್ ಉದ್ದನೆಯ ಆಕ್ಷೇಪ ಬರೆದ. ಗವರ್ನರ್ ಜನರಲ್ ಜಗ್ಗಲಿಲ್ಲ. ಆಗಸ್ಟ್ 12ರ ತನ್ನ ಟಿಪ್ಪಣಿಯಲ್ಲಿ ಅವನು ಹೂಡಿದ ವಾದ ಚತುರವಾದದ್ದು: ಬಂದ ನೆರವು ಚಿಕ್ಕದು ನಿಜ, ಆದರೆ ನೆರವು ಕೇಳಿದ್ದು, ಕರೆಸಿಕೊಂಡದ್ದು, ಸೇವೆಗೆ ಸೇರಿಸಿಕೊಂಡದ್ದು ಯುದ್ಧ ಸಾರಿದ್ದಕ್ಕೆ ಸಮ. ಅಳೆಯಬೇಕಾದದ್ದು ಬಂದವರ ತಲೆಯೆಣಿಕೆಯನ್ನಲ್ಲ, ಕರೆಸಿದವನ ಇರಾದೆಯನ್ನು. ಭಾರತಕ್ಕೆ ಬರುವ ದಾರಿಯಲ್ಲಿ ಗುಡ್ ಹೋಪ್ ಭೂಶಿರದಲ್ಲಿ ತಂಗಿದ್ದಾಗಲೇ ಅವನು ದೇಶೀ ಸಂಸ್ಥಾನಗಳಲ್ಲಿನ ಫ್ರೆಂಚ್ ದಂಡುಗಳ ಬಗ್ಗೆ ಮೇಜರ್ ವಿಲಿಯಂ ಕರ್ಕ್‌ಪ್ಯಾಟ್ರಿಕ್‌ನಿಂದ ವಿವರವಾಗಿ ಕೇಳಿ ತಿಳಿದಿದ್ದ. ಉದ್ದೇಶ ಆಗಲೇ ಗಟ್ಟಿಯಾಗಿತ್ತು. ಮಲಾರ್ತಿಕ್ ಅದಕ್ಕೊಂದು ಲಿಖಿತ ನೆಪ ಒದಗಿಸಿದ.

ಮೊದಲ ಏಟು ಬಿದ್ದದ್ದು ಮೈಸೂರಿಗಲ್ಲ, ಹೈದರಾಬಾದಿಗೆ. ನಿಜಾಮನ ಹತ್ತಿರ ರೇಮಂಡ್ ಎಂಬ ಫ್ರೆಂಚ್ ಸರದಾರ ಕಟ್ಟಿದ 14,000 ಸಿಪಾಯಿಗಳ ದಂಡಿತ್ತು. ಮೈಸೂರಿನಲ್ಲಿ ಲಾಲಿಯ ಕೈಕೆಳಗೆ ಪಳಗಿ ಆಮೇಲೆ ನಿಜಾಮನಲ್ಲಿ ಏಳಿಗೆ ಕಂಡವನು ಈ ರೇಮಂಡ್. ಹೈದರಾಬಾದಿನ ಜನ ಅವನನ್ನು ಮೂಸಾ ರಾಮ್ ಎಂದು ಕರೆದರು. ಅಲ್ಲಿನ ಮೂಸಾರಾಂಬಾಗ್ ಬಡಾವಣೆಗೆ ಆ ಹೆಸರು ಬಂದದ್ದು ಅವನಿಂದ. 1798ರ ಮಾರ್ಚಿನಲ್ಲಿ ಅವನು ತೀರಿಕೊಂಡಿದ್ದ. ಸೆಪ್ಟೆಂಬರ್ 1ರಂದು ನಿಜಾಮ ಕಂಪನಿಯ ಒಪ್ಪಂದಕ್ಕೆ ರುಜು ಹಾಕಿದ. ಅಕ್ಟೋಬರ್ 22ರಂದು ಕಂಪನಿಯ ಪಡೆಗಳು ಫ್ರೆಂಚ್ ಪಾಳೆಯವನ್ನು ಸುತ್ತುವರಿದವು. ಬಾಕಿ ಸಂಬಳಕ್ಕಾಗಿ ಸಿಪಾಯಿಗಳು ಅದಾಗಲೇ ತಮ್ಮ ಅಧಿಕಾರಿಗಳ ಮೇಲೆ ತಿರುಗಿಬಿದ್ದಿದ್ದರು. ಒಂದು ಗುಂಡೂ ಹಾರದೆ ಇಡೀ ದಂಡು ಆಯುಧ ಕೆಳಗಿಟ್ಟಿತು. ಫ್ರೆಂಚ್ ಅಧಿಕಾರಿಗಳನ್ನು ಹಡಗು ಹತ್ತಿಸಿ ಯುರೋಪಿಗೆ ಸಾಗಿಸಲಾಯಿತು. ಮೈಸೂರಿನ ನೂರಕ್ಕಿಂತ ಕಡಿಮೆ ಫ್ರೆಂಚರಿಗಾಗಿ ಎದ್ದ ಗದ್ದಲದ ಮೊದಲ ಫಲವಾಗಿ, ಪಕ್ಕದ ರಾಜ್ಯದ ನಿಜವಾದ ಫ್ರೆಂಚ್ ದಂಡು ಮಾಯವಾಯಿತು.

ಈ ನಡುವೆ ನೆಪೋಲಿಯನ್ ಈಜಿಪ್ಟಿಗೆ ಬಂದಿಳಿದಿದ್ದ. ಟಿಪ್ಪುವಿನ ಆಸೆಗೂ ಇಂಗ್ಲಿಷರ ಭಯಕ್ಕೂ ಅದು ಒಂದೇ ಸಲ ನೀರೆರೆಯಿತು. ಆದರೆ ಆಗಸ್ಟ್ 1ರಂದೇ ನೆಲ್ಸನ್ ಫ್ರೆಂಚ್ ನೌಕಾಬಲವನ್ನು ನೈಲ್ ನದಿಯ ಮುಖದ ಬಳಿ ಹಾಳುಗೆಡವಿದ್ದ. ಅಕ್ಟೋಬರ್ ಕೊನೆಯ ಹೊತ್ತಿಗೆ ಆ ಸುದ್ದಿ ಕಲ್ಕತ್ತೆಗೆ ತಲುಪಿತ್ತು. 1799ರ ಜನವರಿ 25ರಂದು ಕೈರೋದಿಂದ ನೆಪೋಲಿಯನ್ ಟಿಪ್ಪುವಿಗೆ ಬರೆದ ಪತ್ರದಲ್ಲಿ ತಾನು ಅಪಾರ ಸೈನ್ಯದೊಡನೆ ಕೆಂಪು ಸಮುದ್ರದ ದಡಕ್ಕೆ ಬಂದಿರುವುದಾಗಿಯೂ, ನಂಬಿಕಸ್ಥನೊಬ್ಬನನ್ನು ಸುಯೆಜ್‌ಗೋ ಕೈರೋಗೋ ಕಳಿಸಬೇಕೆಂದೂ ಹೇಳಿದ್ದ. ಪತ್ರ ಜೆದ್ದಾದಲ್ಲೇ ಇಂಗ್ಲಿಷರ ಕೈಗೆ ಸಿಕ್ಕಿತು. ಟಿಪ್ಪು ಅದನ್ನು ನೋಡಲೇ ಇಲ್ಲ.

ಮಾರ್ನಿಂಗ್ಟನ್ ಕೇಳಿದ ವಿವರಣೆಗೆ ಟಿಪ್ಪು ಕೊಟ್ಟ ಉತ್ತರ ಓದಿದರೆ ಅವನ ಇಕ್ಕಟ್ಟು ಅರ್ಥವಾಗುತ್ತದೆ. ವ್ಯಾಪಾರಿಗಳ ಎರಡು ಪಾಯಿಮರದ ಹಡಗೊಂದು ಅಕ್ಕಿ ತುಂಬಿಕೊಂಡು ಮಾರಿಷಸ್ಸಿಗೆ ಹೋಗಿತ್ತು. ವಾಪಸು ಬರುವಾಗ ಫ್ರೆಂಚರು, ಕರಿಯರು ಸೇರಿ ನಲವತ್ತು ಜನ ಬಾಡಿಗೆ ಕೊಟ್ಟು ಹತ್ತಿ ಬಂದರು. ಅವರಲ್ಲಿ ಹತ್ತು ಹನ್ನೆರಡು ಮಂದಿ ಕುಶಲಕರ್ಮಿಗಳು, ಉಳಿದವರು ಆಳುಗಳು. ಕೆಲಸ ಬೇಕೆಂದವರಿಗೆ ಕೆಲಸ ಸಿಕ್ಕಿತು, ಬೇಡವೆಂದವರು ಹೊರಟುಹೋದರು ಎಂದು ಅವನು ಬರೆದ. ಊರೆಲ್ಲ ಅಚ್ಚಾಗಿ ಹಂಚಿಹೋದ ಘೋಷಣೆಯೆದುರು ಈ ಸಮಜಾಯಿಷಿ ನಿಲ್ಲುವಂತಿರಲಿಲ್ಲ. ಕೊನೆಗೆ ಬೇಟೆಗೆ ಹೊರಟಿದ್ದೇನೆ, ನಿಮ್ಮ ದೂತನನ್ನು ಸ್ವಲ್ಪವೇ ಜನರ ಜೊತೆ ಕಳಿಸಿ ಎಂದು ಅವನು ಬರೆದ ಪತ್ರ ಮುಟ್ಟುವ ವೇಳೆಗೆ ಹ್ಯಾರಿಸನಿಗೆ ಹೊರಡಲು ಅಪ್ಪಣೆಯಾಗಿತ್ತು. ಅತ್ತ ದ್ಯುಬುಕ್ ಟಿಪ್ಪುವಿನ ದೂತರೊಡನೆ ಫ್ರಾನ್ಸಿಗೆಂದು ತರಂಗಂಬಾಡಿಯಲ್ಲಿ ಹಡಗು ಹತ್ತಿದ್ದೂ 1799ರ ಫೆಬ್ರುವರಿಯಲ್ಲೇ.

ಮಿತ್ರಪಡೆಗಳು ಎರಡು ದಿಕ್ಕಿನಿಂದ ಬಂದವು. ವೆಲ್ಲೂರಿನಿಂದ ಹ್ಯಾರಿಸನ ದಂಡು, ಅದರ ಜೊತೆಗೆ ನಿಜಾಮನ ಪಡೆ. ಕಣ್ಣೂರಿನಿಂದ ಕೊಡಗಿನ ಮೂಲಕ ಜನರಲ್ ಸ್ಟುವರ್ಟನ ಬೊಂಬಾಯಿ ಸೈನ್ಯ. ಮಾರ್ಚ್ 6ರಂದು ಪಿರಿಯಾಪಟ್ಟಣದ ಬಳಿಯ ಸಿದ್ದೇಶ್ವರದಲ್ಲಿ, 27ರಂದು ಮಳವಳ್ಳಿಯಲ್ಲಿ ಟಿಪ್ಪು ಸೋತ. ಏಪ್ರಿಲ್ ಮೊದಲ ವಾರದಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಬಿತ್ತು.

ಈ ಮುತ್ತಿಗೆಯಲ್ಲಿ ಕಂಪನಿಯ ಕಡೆಯೂ ಪರಸೇವೆಯ ಸೈನಿಕರಿದ್ದರು. ಡಿ ಮ್ಯೂರಾನ್ ರೆಜಿಮೆಂಟು 1781ರಲ್ಲಿ ಡಚ್ ಕಂಪನಿಗಾಗಿ ಕಟ್ಟಿದ ಸ್ವಿಸ್ ಬಾಡಿಗೆ ಪಡೆ. ಸಿಲೋನಿನಲ್ಲಿ ಡಚ್ಚರ ಕಾವಲಿಗಿದ್ದ ಅದನ್ನು 1795ರಲ್ಲಿ ಹ್ಯೂ ಕ್ಲೆಘಾರ್ನ್ ಎಂಬ ಇಂಗ್ಲಿಷ್ ಸರಕಾರದ ಗುಪ್ತ ದೂತ, ದಂಡಿನ ಒಡೆಯನೊಡನೆ ವ್ಯವಹಾರ ಕುದುರಿಸಿ, ಬ್ರಿಟಿಷರ ಕಡೆಗೆ ತಂದಿದ್ದ. ಅದೇ ಸ್ವಿಸ್ಸರು ಈಗ ಕಾವೇರಿ ದಂಡೆಯ ಕಂದಕಗಳಲ್ಲಿದ್ದರು. ಅವರ ಸೇವೆಯನ್ನು ಯಾರೂ ಯುದ್ಧಕ್ಕೆ ಕಾರಣವೆಂದು ಕರೆಯಲಿಲ್ಲ. ಅವರಲ್ಲಿ ಮುಂದೆ ಇಲ್ಲೇ ಸತ್ತವರ, ಅವರ ಹೆಂಡತಿ ಮಕ್ಕಳ ಗೋರಿಗಳು ಶ್ರೀರಂಗಪಟ್ಟಣದ ಗ್ಯಾರಿಸನ್ ಸಿಮೆಟ್ರಿಯಲ್ಲಿವೆ.

ಕೋಟೆಯೊಳಗಿನ ಫ್ರೆಂಚರೂ ಕೈಕಟ್ಟಿ ಕೂರಲಿಲ್ಲ. ಏಪ್ರಿಲ್ 22ರ ರಾತ್ರಿ ಟಿಪ್ಪುವಿನ ಪಡೆ ಹೊಳೆಯ ಉತ್ತರ ದಂಡೆಯ ಬೊಂಬಾಯಿ ಸೈನ್ಯದ ಮೇಲೆ ನುಗ್ಗಿದಾಗ ಮುಂಚೂಣಿಯಲ್ಲಿ ಅವರಿದ್ದರು. ದಾಳಿ ಮುರಿದುಬಿತ್ತು, ಕಂದಕಗಳ ತನಕ ಹೋದ ಹಲವು ಫ್ರೆಂಚರು ಅಲ್ಲೇ ಸತ್ತರು. ಅದೇ ದಿನ ಹ್ಯಾರಿಸ್ ಕಳಿಸಿದ ಷರತ್ತುಗಳು ಕೋಟೆಗೆ ಬಂದಿದ್ದವು: ಉಳಿದ ರಾಜ್ಯದಲ್ಲಿ ಅರ್ಧ, 2 ಕೋಟಿ ರೂಪಾಯಿ, ನಾಲ್ವರು ಮಕ್ಕಳು, ನಾಲ್ವರು ಸರದಾರರು ಒತ್ತೆ.

ಟಿಪ್ಪುವಿನ ಆಸ್ಥಾನ ಬಲ್ಲ ಚರಿತ್ರಕಾರ ಕಿರ್ಮಾನಿ ಆ ದಿನಗಳ ಒಂದು ಮಾತುಕತೆ ದಾಖಲಿಸಿದ್ದಾನೆ. ಫ್ರೆಂಚ್ ಅಧಿಕಾರಿಗಳು ಟಿಪ್ಪುವಿನ ಮುಂದೆ ಬಂದು, ಸುಲ್ತಾನ ಕುಟುಂಬ, ಖಜಾನೆ ಸಮೇತ ಕೋಟೆ ಬಿಟ್ಟು ಹೊರಡಲಿ, ಅದಾಗದಿದ್ದರೆ ಕೋಟೆಯ ರಕ್ಷಣೆಯನ್ನು ತಮಗೆ ವಹಿಸಲಿ, ಎರಡೂ ಬೇಡವಾದರೆ ಈ ವೈರಕ್ಕೆಲ್ಲ ಕಾರಣರಾದ ತಮ್ಮನ್ನೇ ಹಿಡಿದು ಇಂಗ್ಲಿಷರಿಗೆ ಒಪ್ಪಿಸಲಿ ಎಂದರಂತೆ. ನೀವು ಪರದೇಶದಿಂದ ನಮ್ಮನ್ನು ನಂಬಿ ಬಂದವರು, ನಿಮಗಾಗಿ ರಾಜ್ಯವೇ ಲೂಟಿಯಾಗಿ ಹೋದರೂ ಸರಿ, ನಿಮ್ಮನ್ನು ಒಪ್ಪಿಸುವುದಿಲ್ಲ ಎಂಬುದು ಟಿಪ್ಪುವಿನ ಉತ್ತರ. ಕಿರ್ಮಾನಿ ತನ್ನ ಧಣಿಯ ಕಥೆಯನ್ನು ಕಟ್ಟಿಕೊಟ್ಟವನು, ಅದನ್ನು ನೆನಪಿಟ್ಟುಕೊಂಡೇ ಓದಬೇಕು. ಆದರೂ ಒಂದು ಸಂಗತಿ ಖಚಿತ: ಮೇ 4ರವರೆಗೂ ಫ್ರೆಂಚರು ಕೋಟೆಯೊಳಗೇ ಇದ್ದರು.

ಅಂದು ನಡುಹಗಲು ಕಳೆದು ಒಂದು ಗಂಟೆಯ ಸುಮಾರಿಗೆ ಡೇವಿಡ್ ಬೇರ್ಡ್ ಕಂದಕದಿಂದ ಮೇಲೆದ್ದು ಕತ್ತಿ ಬೀಸಿದ. ಪೊಲ್ಲಿಲೂರಿನಲ್ಲಿ ಗಾಯಗೊಂಡು ಸಿಕ್ಕಿಬಿದ್ದು, ಇದೇ ಶ್ರೀರಂಗಪಟ್ಟಣದಲ್ಲಿ 44 ತಿಂಗಳು ಸೆರೆಯಲ್ಲಿದ್ದವನು ಅವನು. 4,000ಕ್ಕೂ ಹೆಚ್ಚು ಜನ ಆಳವಿಲ್ಲದ ಹೊಳೆ ದಾಟಿ ಒಡೆದ ಗೋಡೆ ಹತ್ತಿದರು. ಸಂಜೆಯ ಹೊತ್ತಿಗೆ ಟಿಪ್ಪು ಸತ್ತಿದ್ದ. ಶಾಪ್ವಿಯೂ ಉಳಿದ ಫ್ರೆಂಚರೂ ಸೆರೆಯಾದರು.

ಕೋಟೆ ಬಿದ್ದ ಕೂಡಲೇ ಇಂಗ್ಲಿಷರು ಹುಡುಕಿದ ವಸ್ತುಗಳಲ್ಲಿ ಅರಮನೆಯ ಕಾಗದಪತ್ರವೂ ಸೇರಿತ್ತು. ಮಾರಿಷಸ್ಸಿನೊಡನೆ ನಡೆದ ಪತ್ರವ್ಯವಹಾರ, ರಾಯಭಾರಿಗಳ ವರದಿ, 99 ಮಂದಿಯ ಪಟ್ಟಿ, ರಿಪೋನನ್ನು ನಂಬಬೇಡಿ ಎಂದು ಟಿಪ್ಪುವಿನ ಅಧಿಕಾರಿಗಳು ಬರೆದುಕೊಟ್ಟಿದ್ದ ಟಿಪ್ಪಣಿಗಳು ಎಲ್ಲವೂ ಅಲ್ಲಿದ್ದವು. ಅವನ್ನು ತರ್ಜುಮೆ ಮಾಡಿಸಿ ಅಚ್ಚು ಹಾಕಿಸಲಾಯಿತು. ಯುದ್ಧಕ್ಕೆ ಮುಂಚೆ ಒಂದು ಘೋಷಣೆಯ ಪ್ರತಿಯನ್ನು ನಂಬಿ ಹೊರಟ ಸರಕಾರಕ್ಕೆ ಯುದ್ಧ ಮುಗಿದ ಮೇಲೆ ಪುರಾವೆಯ ಗಂಟೇ ಸಿಕ್ಕಿತು.

ಅದರ ಪರಿಣಾಮ ಒಪ್ಪಂದಗಳಲ್ಲಿ ಕಾಣಿಸಿತು. 1799ರ ಜುಲೈ 8ರಂದು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಆದ ಒಪ್ಪಂದದಲ್ಲಿ, ಕಂಪನಿಯ ಒಪ್ಪಿಗೆಯಿಲ್ಲದೆ ಪರದೇಶದ ಯಾವ ಯುರೋಪಿಯನ್ನನನ್ನೂ ಮೈಸೂರಿನ ಸೇವೆಗೆ ಸೇರಿಸಿಕೊಳ್ಳಕೂಡದು, ರಹದಾರಿಯಿಲ್ಲದೆ ರಾಜ್ಯದಲ್ಲಿ ಸಿಕ್ಕವರನ್ನು ಹಿಡಿದು ಒಪ್ಪಿಸಬೇಕು ಎಂಬ ಕಲಮು ಸೇರಿತು. 1802ರ ಬಸ್ಸೀನ್ ಒಪ್ಪಂದದಲ್ಲಿ ಪೇಶ್ವೆಯ ಮೇಲೂ ಇದೇ ಬಗೆಯ ನಿರ್ಬಂಧ ಬಂತು. ಮರುವರ್ಷ ಸಿಂಧಿಯಾನೊಡನೆ ಯುದ್ಧ ಶುರುವಾದಾಗ, ಅವನ ದಂಡಿನಲ್ಲಿದ್ದ ಬ್ರಿಟಿಷ್ ಪ್ರಜೆಗಳು ಬಿಟ್ಟುಬಂದರೆ ಸಂಬಳ ಕೊಡುವುದಾಗಿ ವೆಲ್ಲೆಸ್ಲಿಯೇ ಘೋಷಣೆ ಹೊರಡಿಸಿದ. ಅಲ್ಲಿನ ಫ್ರೆಂಚ್ ದಂಡನಾಯಕ ಪೆರಾನ್ ಸೆಪ್ಟೆಂಬರಿನಲ್ಲಿ ತಾನಾಗಿಯೇ ಬಂದು ಶರಣಾದ.

‘ಪ್ರೆನ್ಯೂಸ್’ 1799ರ ಡಿಸೆಂಬರಿನಲ್ಲಿ ಮಾರಿಷಸ್ಸಿನ ದಡದಲ್ಲೇ ಬ್ರಿಟಿಷ್ ನೌಕೆಗಳ ಕೈಗೆ ಸಿಕ್ಕಿ ಹಾಳಾಯಿತು. ಮಲಾರ್ತಿಕ್ 1800ರಲ್ಲಿ ಅಲ್ಲೇ ತೀರಿಕೊಂಡ. ದ್ವೀಪದ ಕಡಲುಗಳ್ಳರ ಕಾಟ ಮಾತ್ರ ಇನ್ನೂ ಹತ್ತು ವರ್ಷ ನಡೆಯಿತು. 1810ರ ಕೊನೆಯಲ್ಲಿ ಬಂಗಾಳ, ಮದರಾಸು, ಬೊಂಬಾಯಿಗಳಿಂದ ಕೂಡಿಸಿದ ದಂಡು ಹಡಗುಗಳಲ್ಲಿ ಮಾರಿಷಸ್ಸಿಗೆ ಹೋಯಿತು. ಡಿಸೆಂಬರ್ 3ರಂದು ದ್ವೀಪ ಶರಣಾಯಿತು.